ಲಾಯದ ಪಡಿ, ಕಾವಲಿನ ಹುಲ್ಲು

ಒಂದು ಪ್ರಾಣಿಯನ್ನು ಕಟ್ಟಿಹಾಕಿದವನು ಅದರ ಕಾಲಿನ ಕೆಲಸವನ್ನು ತನ್ನ ಕೈಗೆ ತೆಗೆದುಕೊಂಡಂತೆಯೇ ಸರಿ. ಕಾಡಿನಲ್ಲಿ ಆನೆಯು ತಾನೇ ನಡೆದು, ತಾನೇ ಆರಿಸಿ, ಬೇಕಾದುದನ್ನು ಬೇಕಾದಷ್ಟು ತಿನ್ನುತ್ತದೆ. ಲಾಯದಲ್ಲಿ ಈ ಆಯ್ಕೆಯು ಮಾವುತನದಾಗುತ್ತದೆ; ಮಾವುತನಿಗಿಂತ ಮೇಲೆ ಉಗ್ರಾಣದ ಲೆಕ್ಕಿಗನದು; ಅವನಿಗಿಂತಲೂ ಮೇಲೆ ದೊರೆಯದು. ಈ ಮೂವರಲ್ಲಿ ಒಬ್ಬನಿಗೂ ಆನೆಯ ಹೊಟ್ಟೆಯಿಲ್ಲ. ತಮ್ಮ ತಮ್ಮ ಹೊಟ್ಟೆಗಳಿಗೆ ಹಿತವೆಂದು ತೋರಿದುದನ್ನೇ ಅವರು ಅದಕ್ಕೂ ಹಿತವೆಂದು ಭಾವಿಸುವುದು ಸಹಜವಾಗಿದೆ. ತುಪ್ಪ, ಸಕ್ಕರೆ, ಬೇಯಿಸಿದ ಅನ್ನ, ಎಲುಬಿಲ್ಲದ ಮಾಂಸ ಇವು ಮನುಷ್ಯನು ತನ್ನ ಅತಿಥಿಗೆ ಕೊಡತಕ್ಕ ಗೌರವಗಳು. ಇವು ನಮ್ಮ ನಾಡಿನ ಲಾಯಗಳಲ್ಲಿ ಹೇಗೆ ನಡೆದವು, ಪ್ರಾಣಿಗಳ ಕರುಳು ಇವುಗಳಿಗೆ ಏನು ಉತ್ತರವನ್ನು ಕೊಟ್ಟಿತು ಎಂಬುದನ್ನು ಈ ಹೊತ್ತು ಸ್ವಲ್ಪಮಟ್ಟಿಗೆ ವಿಚಾರಮಾಡೋಣ.

ಕಲಬುರಗಿ ಜಿಲ್ಲೆಯ ಚಿತ್ತಾಪುರ ತಾಲ್ಲೂಕಿನಲ್ಲಿ ಗುಂಡಗುರ್ತಿ ಎಂಬ ಊರಿದೆ. ಜೋಳ ತೊಗರಿಗಳ ಸೀಮೆ. ಒಂದು ಕಡೆಗೆ ಸೇಡಂ ಚಿಂಚೋಳಿಗಳು, ಇನ್ನೊಂದು ಕಡೆಗೆ ಹಾಸುಗಲ್ಲಿಗೆ ಹೆಸರಾದ ಶಹಾಬಾದು, ರೈಲುದಾರಿಗಳು ಕೂಡುವ ವಾಡಿ. ಇಂದು ಈ ನೆಲವನ್ನು ನೋಡುವವರಿಗೆ ಆನೆಕುದುರೆಗಳ ನೆನಪು ಬರತಕ್ಕ ಕಾರಣವಿಲ್ಲ. ಆದರೂ ದಕ್ಷಿಣಾಪಥದಲ್ಲಿ ರಾಜರ ಲಾಯಗಳು ಬಹುಕಾಲ ತುಂಬಿಕೊಂಡಿದ್ದ ಪ್ರದೇಶವೆಂದರೆ ಇದೇ. ಇಲ್ಲಿಗೆ ಹೆಚ್ಚು ದೂರವಲ್ಲದ ಮಳಖೇಡವು ಮಾನ್ಯಖೇಟವೆಂಬ ಹೆಸರಿನಿಂದ, ಕಾಗಿಣಾ ನದಿಯ ದಡದಲ್ಲಿ, ರಾಷ್ಟ್ರಕೂಟರ ರಾಜಧಾನಿಯಾಗಿ ಮೆರೆಯಿತು. ಕ್ರಿ.ಶ. ೮೫೧ರ ಅರಬ್ಬೀ ವೃತ್ತಾಂತವೊಂದರಲ್ಲಿ ವರ್ತಕ ಸುಲೈಮಾನನು 'ಬಲ್ಹರಾ' ಎಂದು ಕರೆದು, ಆನೆಕುದುರೆಗಳ ಸಮೃದ್ಧಿಯುಳ್ಳವನೆಂದು ವರ್ಣಿಸಿರುವ ದೊರೆಯು ಈ ರಾಷ್ಟ್ರಕೂಟ ವಲ್ಲಭನೇ. ಅನಂತರ ಕಲ್ಯಾಣದಲ್ಲಿ ಚಾಲುಕ್ಯರು. ಅವರ ಬಳಿಕ ಕಲಬುರಗಿಯಲ್ಲಿಯೂ ಬೀದರಿನಲ್ಲಿಯೂ ಬಹಮನೀ ಸುಲ್ತಾನರು. ಈ ಸೇನೆಗಳ ವಿಜಯಗಳನ್ನು ಹೇಳುವ ಶಾಸನಗಳು ಬೇಕಾದಷ್ಟಿವೆ. ಅವುಗಳಿಗೆ ಹುಲ್ಲು ಹೊತ್ತವರ ಮಾತು ಮಾತ್ರ ಅಪರೂಪ.

ಆದರೆ ಕಲ್ಯಾಣದ ಅರಮನೆಯು ಈ ವಿಷಯದಲ್ಲಿ ಮೌನವಾಗಿರಲಿಲ್ಲವೆಂಬುದು ನಮ್ಮ ಭಾಗ್ಯ. ಆರನೆಯ ವಿಕ್ರಮಾದಿತ್ಯನ ಸೋದರನಾದ ಕೀರ್ತಿವರ್ಮನು 'ಗೋವೈದ್ಯ'ವೆಂಬ ಗ್ರಂಥವನ್ನು ಕನ್ನಡದಲ್ಲಿಯೇ ರಚಿಸಿದನು. ದನಗಳ ರೋಗಗಳನ್ನು ಕುರಿತು ಕನ್ನಡದಲ್ಲಿ ಹುಟ್ಟಿದ ಮೊದಲ ಶಾಸ್ತ್ರವೆಂದು ಅದು ಪ್ರಸಿದ್ಧವಾಗಿದೆ. ಅದರಲ್ಲಿ ಮದ್ದಿನ ಜತೆಗೆ ಮಂತ್ರವೂ ಸೇರಿಕೊಂಡಿದೆ ಎಂದು ಈ ಕಾಲದವರು ನಗಬಹುದು. ರಾಜಪುತ್ರನೊಬ್ಬನು ಎತ್ತಿನ ಹೊಟ್ಟೆಯುಬ್ಬರವನ್ನು ಕಾವ್ಯದಷ್ಟೇ ಯೋಗ್ಯವಾದ ವಸ್ತುವೆಂದು ಎಣಿಸಿದನೆಂಬುದನ್ನು ಮಾತ್ರ ನಗೆಯಾಡಲಾಗದು. ವಿಕ್ರಮಾದಿತ್ಯನ ಮಗ ಮೂರನೆಯ ಸೋಮೇಶ್ವರನು ೧೧೨೯ರ ಸುಮಾರಿನಲ್ಲಿ ಸಂಸ್ಕೃತದಲ್ಲಿ ರಚಿಸಿದ 'ಮಾನಸೋಲ್ಲಾಸ'ದಲ್ಲಿ ಆನೆಕುದುರೆಗಳ ಲಕ್ಷಣ, ಪೋಷಣೆ, ಚಿಕಿತ್ಸೆಗಳು ವಿಸ್ತಾರವಾಗಿ ಬಂದಿವೆ. ಕಾಳಗದ ಕೋಳಿ, ಟಗರು, ಬೇಟೆಯ ಗಿಡುಗ ಇವುಗಳನ್ನೂ ಆತನು ಬಿಟ್ಟಿಲ್ಲ. ಗಾಳದ ವಿನೋದವನ್ನು ಹೇಳುವಲ್ಲಿ ಯಾವ ಮೀನಿಗೆ ಯಾವ ಆಹಾರವು ಪ್ರಿಯವೆಂಬುದನ್ನು ಬೇರೆ ಬೇರೆಯಾಗಿ ವಿಂಗಡಿಸುತ್ತಾನೆ. ಗಾಳಕ್ಕೆ ಸಿಕ್ಕಿಸಬೇಕಾದ ಮೀನಿನ ರುಚಿಯನ್ನು ತಿಳಿಯಲು ಮನುಷ್ಯನು ಎಷ್ಟು ಶ್ರಮಪಡುತ್ತಾನೆ ನೋಡಿರಿ! ಅಲ್ಲಿ ತಪ್ಪು ತಿಳಿದರೆ ಮೀನು ಬಾರದು. ಲಾಯದಲ್ಲಿ ತಪ್ಪು ತಿಳಿದರೆ ಪ್ರಾಣಿಯು ಎಲ್ಲಿಗೂ ಹೋಗಲಾರದು.

ಬಹಮನಿಗಳ ಕಾಲಕ್ಕೆ ಬಂದರೆ ನಮಗೆ ಕಣ್ಣಾರೆ ಕಂಡ ಸಾಕ್ಷಿಯು ದೊರೆಯುತ್ತದೆ. ರಷ್ಯಾ ದೇಶದ ವರ್ತಕ ಅಫನಾಸಿ ನಿಕಿತಿನ್ ಎಂಬುವನು ೧೪೭೦ರ ಸುಮಾರಿನಲ್ಲಿ ಹೊರ್ಮುಜ್ ಬಂದರಿನಿಂದ ಒಂದು ಗಂಡುಕುದುರೆಯನ್ನು ಹಡಗಿಗೇರಿಸಿಕೊಂಡು ಚೌಲದಲ್ಲಿ ಇಳಿದು ಬೀದರಿಗೆ ಬಂದನು. ಈ ದೇಶದಲ್ಲಿ ಎತ್ತು ಎಮ್ಮೆಗಳು ಹುಟ್ಟುತ್ತವೆಯೇ ಹೊರತು ಕುದುರೆಗಳು ಹುಟ್ಟುವುದಿಲ್ಲವೆಂದೂ, ಆದಕಾರಣ ಅವುಗಳ ವ್ಯಾಪಾರ ಬಹಳವೆಂದೂ ಆತನು ಬರೆದಿದ್ದಾನೆ. ನಮ್ಮ ಆಳಂದದಲ್ಲಿ ವರ್ಷಕ್ಕೊಮ್ಮೆ ಸೇರುತ್ತಿದ್ದ ಜಾತ್ರೆಗೆ ಇಪ್ಪತ್ತು ಸಾವಿರದಷ್ಟು ಕುದುರೆಗಳು ಮಾರಾಟಕ್ಕೆ ಬರುತ್ತಿದ್ದವೆಂದು ಆತನ ಲೆಕ್ಕ. ಆತನ ಸ್ವಂತ ಕುದುರೆಯ ಕಥೆಯು ನಮ್ಮ ವಿಷಯಕ್ಕೆ ಇನ್ನೂ ಹತ್ತಿರವಾದುದು. ಒಂದು ವರ್ಷ ಅದನ್ನು ಸಾಕಿದುದರಲ್ಲಿ ಅರುವತ್ತೆಂಟು ನಾಣ್ಯಗಳು ಕರಗಿದುವೆಂದು ಲೆಕ್ಕವಿಟ್ಟು, ಬೀದರಿನಲ್ಲಿ ಅದನ್ನು ಮಾರಿದನು. ಇಲ್ಲಿಯ ಕುದುರೆಗಳಿಗೆ ಕಡಲೆಯನ್ನು ತಿನ್ನಿಸುತ್ತಾರೆ, ಅಕ್ಕಿಬೇಳೆಯ ಕಿಚಡಿಯನ್ನು ಸಕ್ಕರೆ ಸೇರಿಸಿ ಬೇಯಿಸಿ ಬೆಣ್ಣೆಯೊಡನೆ ಕೊಡುತ್ತಾರೆ ಎಂದು ಆತನು ಆಶ್ಚರ್ಯದಿಂದ ಬರೆದಿಟ್ಟಿದ್ದಾನೆ. ಹುಲ್ಲುಗಾವಲಿನ ದೇಶದಿಂದ ಬಂದವನಿಗೆ ಇದು ಮದುವೆಮನೆಯ ಊಟದಂತೆ ಕಂಡಿರಬೇಕು.

ಈ ಆಶ್ಚರ್ಯವನ್ನು ಪಟ್ಟವರಲ್ಲಿ ಆತನೇ ಮೊದಲಿಗನಲ್ಲ. ಹದಿಮೂರನೆಯ ಶತಮಾನದ ಕೊನೆಯಲ್ಲಿ ಪಾಂಡ್ಯರ ಕರಾವಳಿಯನ್ನು ಕಂಡ ವೆನಿಸ್ಸಿನ ಮಾರ್ಕೋ ಪೋಲೋ, ಅಲ್ಲಿಗೆ ಪ್ರತಿವರ್ಷ ಸಾವಿರಾರು ಕುದುರೆಗಳು ಬರುತ್ತವೆ, ವರ್ಷ ಮುಗಿಯುವುದರೊಳಗೆ ಬಹುಭಾಗ ಸಾಯುತ್ತವೆ ಎಂದನು. ಅವುಗಳಿಗೆ ಬೇಯಿಸಿದ ಮಾಂಸವನ್ನೂ ಅನ್ನವನ್ನೂ ಉಣ್ಣಿಸುವರೆಂದೂ, ಅವುಗಳ ಆರೈಕೆಯನ್ನು ಬಲ್ಲವರಿಲ್ಲವೆಂದೂ ದೂರಿದನು. ಪಾರಸೀ ಇತಿಹಾಸಕಾರ ವಸ್ಸಾಫನು ಹುರಿದ ಧಾನ್ಯಕ್ಕೆ ಬೆಣ್ಣೆ ಬೆರೆಸಿ ತಿನ್ನಿಸಿ, ಕುಡಿಯಲು ಕಾಯಿಸಿದ ಹಾಲನ್ನು ಕೊಡುವ ಸಂಗತಿಯನ್ನು ಬರೆದನು. ಪರದೇಶಿಗಳ ಮಾತಿನಲ್ಲಿ ಸ್ವಲ್ಪ ಉಪ್ಪುಖಾರ ಸೇರಿರುವುದು ನಿಶ್ಚಯ. ಸತ್ತ ಕುದುರೆಗಳಲ್ಲಿ ಎಷ್ಟು ಬಿಸಿಲಿಗೆ ಸತ್ತವು, ಎಷ್ಟು ಹಡಗಿನ ಆಯಾಸಕ್ಕೆ ಸತ್ತವು ಎಂಬುದನ್ನು ಅವರು ಎಣಿಸಲಿಲ್ಲ. ಆದರೂ ಸುಮಾರು ಎರಡು ಶತಮಾನಗಳ ಅಂತರದಲ್ಲಿ ಬೇರೆ ಬೇರೆ ಜನ ಒಂದೇ ಅಡುಗೆಯನ್ನು ವರ್ಣಿಸಿರುವಾಗ ಅದನ್ನು ತಳ್ಳಿಹಾಕುವುದೂ ಸರಿಯಲ್ಲ.

ಕುದುರೆಯ ಹೊಟ್ಟೆಯು ದೇಹದ ಗಾತ್ರಕ್ಕೆ ಬಹು ಚಿಕ್ಕದು. ಹತ್ತು ಹದಿನೈದು ಲೀಟರಿಗಿಂತ ಹೆಚ್ಚು ಹಿಡಿಯದು. ಅದು ಹಗಲೂ ರಾತ್ರಿಯೂ ಸ್ವಲ್ಪ ಸ್ವಲ್ಪವಾಗಿ ಮೇಯುವ ಪ್ರಾಣಿ. ಹುಲ್ಲಿನ ನಾರು ನಿಜವಾಗಿ ಜೀರ್ಣವಾಗತಕ್ಕದ್ದು ಹೊಟ್ಟೆಯಲ್ಲಲ್ಲ, ಹಿಂದಿನ ದೊಡ್ಡ ಕರುಳಿನಲ್ಲಿ. ಅಲ್ಲಿ ಕೋಟ್ಯನುಕೋಟಿ ಸೂಕ್ಷ್ಮಜೀವಿಗಳು ಅದನ್ನು ಹುಳಿಸಿ ಒಡೆಯುತ್ತವೆ. ಬೇಯಿಸಿದ ಅನ್ನವನ್ನೂ ಸಕ್ಕರೆಯನ್ನೂ ಒಂದೇ ಸಲಕ್ಕೆ ಹೇರಳವಾಗಿ ತುಂಬಿದರೆ, ಮುಂದಿನ ಕರುಳಿನಲ್ಲಿ ಕರಗದೆ ಉಳಿದ ಪಿಷ್ಟವು ಹಿಂದಕ್ಕೆ ಹರಿದು, ಅಲ್ಲಿ ಹಠಾತ್ತಾಗಿ ಹುಳಿಯೇರುತ್ತದೆ. ಪ್ರಾಣಿಗೆ ಹೊಟ್ಟೆಶೂಲೆ ಬರುತ್ತದೆ. ಕುದುರೆಯು ವಾಂತಿ ಮಾಡಲಾರದ್ದರಿಂದ ಬಿಡುಗಡೆಯ ದಾರಿಯಿಲ್ಲ. ಬದುಕಿ ಉಳಿದರೂ ಗೊರಸಿನೊಳಗೆ ಉರಿಯೂತವುಂಟಾಗಿ ಕುಂಟಾಗುವ ಸಂಭವವಿದೆ. ದಂಡಿನ ಕುದುರೆಗೆ ಕುಂಟು ಬಂದರೆ ಅದು ಸತ್ತುದಕ್ಕೆ ಸಮ.

ಇಲ್ಲಿ ಒಂದು ಮಾತನ್ನು ನಮ್ಮ ಹಿರಿಯರ ಪರವಾಗಿಯೂ ಹೇಳಬೇಕು. ಕಾಳನ್ನು ಬೇಯಿಸುವುದು ಬರಿಯ ಆಡಂಬರವಾಗಿರಲಿಲ್ಲ. ಓಟ್ಸ್ ಬೆಳೆಯದ, ಬೇಸಗೆಯಲ್ಲಿ ಹುಲ್ಲು ಒಣಗಿಹೋಗುವ ದಖನಿನಲ್ಲಿ ಕುದುರೆಯ ಬಲಕ್ಕೆ ದೊರೆಯುತ್ತಿದ್ದುದು ಕಡಲೆ ಮತ್ತು ಹುರುಳಿ. ಇಂಗ್ಲಿಷರು ಹುರುಳಿಗೆ ಕುದುರೆಯ ಕಾಳೆಂದೇ ಹೆಸರಿಟ್ಟರು. ಹಸಿಯ ಹುರುಳಿಯಲ್ಲಿ ದೇಹದ ಜೀರ್ಣರಸವನ್ನು ತಡೆಯುವ ಒಂದು ದ್ರವ್ಯವಿದೆ. ಬೇಯಿಸಿದರೆ ಅದು ನಾಶವಾಗುತ್ತದೆ. ರಸಾಯನಶಾಸ್ತ್ರವು ಇದನ್ನು ಕಂಡುಹಿಡಿಯುವ ಮುನ್ನವೇ ಲಾಯದ ಒಲೆಯು ಇದನ್ನು ಬಲ್ಲುದಾಗಿತ್ತು. ಹುರುಳಿಯನ್ನು ಬೇಯಿಸಿದ್ದು ಅನುಭವ. ಅದರ ಮೇಲೆ ಬೆಣ್ಣೆ ಸಕ್ಕರೆಗಳನ್ನು ಸುರಿದುದು ದರ್ಬಾರು.

ಈ ದರ್ಬಾರಿನ ಪರಾಕಾಷ್ಠೆಯನ್ನು ಕಾಣಬೇಕಾದರೆ ವಿಜಯನಗರಕ್ಕೆ ಹೋಗಬೇಕು. ೧೪೪೩ರಲ್ಲಿ, ಎರಡನೆಯ ದೇವರಾಯನ ಆಳಿಕೆಯಲ್ಲಿ, ಪಾರಸೀಕ ರಾಯಭಾರಿ ಅಬ್ದುರ್ ರಜಾಕನು ಅಲ್ಲಿಗೆ ಬಂದಿದ್ದನು. ಅರಮನೆಯ ಆನೆಗಳಿಗೆ ದಿನಕ್ಕೆ ಎರಡು ಸಲ ಕಿಚಡಿಯಂತೆ! ಬೇಯಿಸಿದುದನ್ನು ಆನೆಯ ಮುಂದೆಯೇ ಪಾತ್ರೆಯಿಂದ ತೆಗೆದು, ಉಪ್ಪನ್ನೂ ಹೊಸ ಸಕ್ಕರೆಯನ್ನೂ ಬೆರೆಸಿ, ದೊಡ್ಡ ದೊಡ್ಡ ಮುದ್ದೆಗಳನ್ನು ಕಟ್ಟಿ, ಬೆಣ್ಣೆಯಲ್ಲಿ ಅದ್ದಿ ಬಾಯಿಗೆ ಇಡುತ್ತಿದ್ದರಂತೆ. ಇವುಗಳಲ್ಲಿ ಒಂದು ಪದಾರ್ಥವನ್ನು ಮರೆತರೂ ಆನೆಯು ಮಾವುತನ ಮೇಲೆ ಬೀಳುತ್ತಿತ್ತು, ದೊರೆಯೂ ಅವನನ್ನು ದಂಡಿಸುತ್ತಿದ್ದನು ಎಂದು ಆತನು ಬರೆದಿದ್ದಾನೆ. ಕದ್ದ ಬೆಣ್ಣೆಯ ವಿಷಯವಾಗಿ ಆನೆಯನ್ನೇ ಸಾಕ್ಷಿಗೆ ಕರೆದಂತಾಯಿತು. ಹಂಪೆಯಲ್ಲಿ ಆನೆಲಾಯವೆಂದು ಕರೆಯಿಸಿಕೊಳ್ಳುವ ಹನ್ನೊಂದು ಗುಮ್ಮಟಗಳ ಸಾಲುಮಂಟಪದ ಮುಂದೆ ನಿಂತಾಗ ನಮಗೆಲ್ಲ ನೆನಪಾಗುವುದು ಅಂಬಾರಿಗಳೂ ಮೆರವಣಿಗೆಗಳೂ. ಹೊಗೆಯಾಡುವ ಕಿಚಡಿಯ ಹಂಡೆಗಳನ್ನೂ ನೆನೆದರೆ ಚಿತ್ರವು ಪೂರ್ಣವಾಗುತ್ತದೆ.

ಆದರೆ ಆನೆಯು ಕಿಚಡಿಯಿಂದ ಬದುಕುವ ಪ್ರಾಣಿಯಲ್ಲ. ಅದೂ ಕುದುರೆಯಂತೆ ಹಿಂದಿನ ಕರುಳಿನಲ್ಲಿ ನಾರನ್ನು ಹುಳಿಸಿಕೊಳ್ಳುವ ಜಾತಿ. ಹಸುವಿನಂತೆ ಮೆಲುಕು ಹಾಕದು. ತಿಂದುದು ಹೆಚ್ಚುಕಡಮೆ ಒಂದು ದಿನದಲ್ಲಿ ಹೊರಬೀಳಲು ತೊಡಗುತ್ತದೆ. ಅಮೆರಿಕದ ಶಾಸ್ತ್ರಜ್ಞ ಫ್ರಾನ್ಸಿಸ್ ಬೆನೆಡಿಕ್ಟನು ಜ್ಯಾಪ್ ಎಂಬ ಸರ್ಕಸ್ಸಿನ ಹೆಣ್ಣಾನೆಯೊಂದರ ಮೇವನ್ನೂ ಲದ್ದಿಯನ್ನೂ ತೂಗಿ ಪರೀಕ್ಷಿಸಿ, ೧೯೩೬ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಅದು ತಿಂದ ಒಣಹುಲ್ಲಿನ ಅರ್ಧಕ್ಕಿಂತಲೂ ಕಡಿಮೆ ಭಾಗವೇ ಜೀರ್ಣವಾಗುತ್ತದೆಂದು ತೋರಿಸಿದನು. ಕಡಮೆ ಜೀರ್ಣವಾಗುವುದನ್ನು ಹೆಚ್ಚು ತಿಂದು ಸರಿದೂಗಿಸಿಕೊಳ್ಳುವುದೇ ಆನೆಯ ಬಾಳಿನ ಕ್ರಮ. ಆದುದರಿಂದ ಅದು ದಿನದ ಹನ್ನೆರಡು ಗಂಟೆಗಳಿಗೂ ಮೇಲ್ಪಟ್ಟು ಹುಲ್ಲು, ಬಿದಿರು, ತೊಗಟೆ, ಬೇರುಗಳನ್ನು ಕಿತ್ತು ತಿನ್ನುತ್ತಲೇ ಇರುತ್ತದೆ. ಬೆಣ್ಣೆಯ ಮುದ್ದೆಯು ಕಾಲುಗಂಟೆಯಲ್ಲಿ ಮುಗಿಯುತ್ತದೆ. ಉಳಿದ ಕಾಲವೆಲ್ಲ ಸರಪಣಿಯ ಎರಡು ಮಾರಿನೊಳಗೆ ಅದು ಏನು ಮಾಡಬೇಕು?

ಈ ಪ್ರಶ್ನೆಯನ್ನು ಬಹಳ ಹಿಂದೆಯೇ ಒಬ್ಬನು ಯೋಚಿಸಿದ್ದನೆಂದು ತೋರುತ್ತದೆ. ಕೌಟಿಲ್ಯನ ಅರ್ಥಶಾಸ್ತ್ರದ ಹಸ್ತಪ್ರತಿಯು ಮೈಸೂರಿನ ಓರಿಯಂಟಲ್ ಲೈಬ್ರರಿಗೆ ದೊರೆತು, ಆರ್. ಶಾಮಶಾಸ್ತ್ರಿಗಳು ಅದನ್ನು ೧೯೦೯ರಲ್ಲಿ ಅಚ್ಚುಹಾಕಿಸಿದ ಸಂಗತಿಯು ಎಲ್ಲರಿಗೂ ತಿಳಿದಿದೆ. ರಾಜನೀತಿಗಾಗಿ ಅದನ್ನು ಓದಿದವರು ಆನೆಯ ಅಧ್ಯಕ್ಷನನ್ನು ಕುರಿತ ಪ್ರಕರಣವನ್ನು ಬೇಗ ದಾಟಿಬಿಡುತ್ತಾರೆ. ಅಲ್ಲಿ ಆನೆಯ ಪಡಿಯು ಅದರ ಎತ್ತರದ ಮೊಳಕ್ಕೆ ತಕ್ಕಂತೆ ಗೊತ್ತಾಗಿದೆ. ಅಕ್ಕಿ ಇಷ್ಟು ದ್ರೋಣ, ತುಪ್ಪ ಇಷ್ಟು ಪ್ರಸ್ಥ, ಉಪ್ಪು ಇಷ್ಟು ಪಲ. ಮಾಂಸವೂ ಮದ್ಯವೂ ಉಂಟು! ಇಲ್ಲಿಯವರೆಗೆ ಇದೂ ದರ್ಬಾರೇ. ಅನಂತರ ಹಸಿಹುಲ್ಲು ಒಣಹುಲ್ಲುಗಳು ಪಲದಲ್ಲಲ್ಲ, ಹೊರೆಗಳಲ್ಲಿ ಬರುತ್ತವೆ. ಕಟ್ಟಕಡೆಗೆ ದಂಟು ಸೊಪ್ಪುಗಳಿಗೆ ಮಿತಿಯೇ ಇಲ್ಲವೆಂದು ಹೇಳಿ ಮುಗಿಸುತ್ತಾನೆ. ಒಂದು ಪಲ ಉಪ್ಪಿಗೂ ಲೆಕ್ಕ ಕೇಳುವ ಗ್ರಂಥಕಾರನು ಸೊಪ್ಪಿನ ವಿಷಯದಲ್ಲಿ ಲೆಕ್ಕವನ್ನೇ ಬಿಟ್ಟುಬಿಟ್ಟನು. ಆ ಪಟ್ಟಿಯಲ್ಲಿ ಆನೆಯ ಹೊಟ್ಟೆಯನ್ನು ಬಲ್ಲ ಮಾತು ಅದೊಂದೇ ಎಂದು ನಮ್ಮ ಅಭಿಪ್ರಾಯ.

ಮುಂದಿನ ಸರ್ಕಾರಗಳು ತದ್ವಿರುದ್ಧವಾಗಿ ನಡೆದುವು. ಸೊಪ್ಪಿಗೇ ಲೆಕ್ಕ ಹಾಕಿದುವು. ಮೈಸೂರು ಸಂಸ್ಥಾನದಲ್ಲಿ ನಾಲೆಗಳ ಇಲಾಖೆಯ ಅಧಿಕಾರಿಯಾಗಿದ್ದ ಜಿ. ಪಿ. ಸ್ಯಾಂಡರ್ಸನ್ ೧೮೭೩ರಲ್ಲಿ ಖೆಡ್ಡಾಕ್ಕೆ ಕೈಹಾಕಿ ವಿಫಲನಾಗಿ, ೧೮೭೪ರಲ್ಲಿ ಚಾಮರಾಜನಗರದ ಬಳಿ ಐವತ್ತಕ್ಕೂ ಮೇಲ್ಪಟ್ಟ ಕಾಡಾನೆಗಳನ್ನು ಒಂದೇ ಸಲಕ್ಕೆ ಹಿಡಿದನು. ೧೮೭೮ರಲ್ಲಿ ಪ್ರಕಟವಾದ ತನ್ನ ಪುಸ್ತಕದಲ್ಲಿ ಆತನು ಬೇಟೆಯ ಸಾಹಸಗಳ ನಡುವೆ ಒಂದು ನೀರಸವಾದ, ಆದರೆ ಬೆಲೆಬಾಳುವ ಕೆಲಸವನ್ನು ಮಾಡಿದ್ದಾನೆ. ಆನೆಗಳ ಮುಂದೆ ಹಸಿಮೇವನ್ನು ತೂಗಿ ಹಾಕಿ, ಅವು ಎಷ್ಟು ತಿನ್ನುತ್ತವೆಂದು ನೋಡಿದನು. ಸರ್ಕಾರದ ಕಮಿಸರಿಯೆಟ್ಟು ಗೊತ್ತುಮಾಡಿದ್ದ ಮೇವು ಆನೆಯ ಅಗತ್ಯಕ್ಕೆ ಬಹಳ ಕಡಮೆಯೆಂದು ಕಂಡಿತು. ದೊಡ್ಡ ಆನೆಯ ಮುಂದೆ ದಿನಕ್ಕೆ ಸುಮಾರು ೮೦೦ ಪೌಂಡು ಒಳ್ಳೆಯ ಹಸಿಮೇವು ಇರಬೇಕೆಂಬುದು ಆತನ ನಿರ್ಣಯ. ಸಾಕಿದ ಆನೆಗಳು ಬಳಲಿ ಸಾಯುವುದಕ್ಕೆ ಅರೆಹೊಟ್ಟೆಯೇ ದೊಡ್ಡ ಕಾರಣವೆಂದು ಆತನು ನಿರ್ದಾಕ್ಷಿಣ್ಯವಾಗಿ ಹೇಳಿದನು. ಹೊಟ್ಟೆಯಲ್ಲಿ ಜಂತು ಸೇರಿದಾಗ ಆನೆಯು ತಾನಾಗಿಯೇ ಮಣ್ಣನ್ನು ತಿಂದು ಭೇದಿಮಾಡಿಕೊಳ್ಳುತ್ತದೆ ಎಂಬುದನ್ನೂ ಗಮನಿಸಿದ್ದಾನೆ. ಆತನ ಕಸುಬು ಕಾಡಾನೆಗಳನ್ನು ಸೆರೆಹಿಡಿಯುವುದು; ಅದನ್ನು ನಾವು ಇಂದು ಹೊಗಳಲಾರೆವು. ಕಾಕನಕೋಟೆಯ ಕೊನೆಯ ಖೆಡ್ಡಾ ೧೯೭೧ರಲ್ಲಿ ಮುಗಿಯಿತು. ತೂಕದ ತಕ್ಕಡಿಯನ್ನು ಮೇವಿನ ಬಳಿಗೆ ತಂದುದಕ್ಕಾಗಿ ಮಾತ್ರ ಆತನಿಗೆ ಕೃತಜ್ಞತೆಯು ಸಲ್ಲಬೇಕು.

ತಾಯಿಯನ್ನು ಕಳೆದುಕೊಂಡ ಮರಿಯಾನೆಯ ವಿಷಯದಲ್ಲಿ ತಕ್ಕಡಿಯೂ ಸಾಲದಾಯಿತು. ಹಸುವಿನ ಹಾಲು ಅಮೃತವೆಂಬ ನಂಬಿಕೆಯಿಂದ ಅದನ್ನೇ ಕುಡಿಸಿದರೆ ಹಾಲುಗೂಸಾದ ಮರಿಯು ಭೇದಿಯಿಂದ ಸೊರಗಿ ಸಾಯುತ್ತಿತ್ತು. ಕಾರಣವು ಕೊಬ್ಬಿನಲ್ಲಿದೆ. ಆನೆಯ ಹಾಲಿನ ಕೊಬ್ಬು ಬೇರೆ ಜಾತಿಯದು. ಅದರ ಮುಖ್ಯವಾದ ಅಂಶಗಳಲ್ಲೊಂದು ತೆಂಗಿನೆಣ್ಣೆಯಲ್ಲಿ ಹೇರಳವಾಗಿರತಕ್ಕದ್ದು. ಆಫ್ರಿಕದ ಕೀನ್ಯಾ ದೇಶದಲ್ಲಿ ಡ್ಯಾಫ್ನಿ ಶೆಲ್ಡ್ರಿಕ್ ಎಂಬಾಕೆಯು ಅನೇಕ ಮರಿಗಳನ್ನು ಕಳೆದುಕೊಂಡ ಬಳಿಕ, ೧೯೭೦ರ ದಶಕದಲ್ಲಿ, ಹಸುವಿನ ಕೊಬ್ಬಿಗೆ ಬದಲಾಗಿ ತೆಂಗಿನೆಣ್ಣೆ ಸೇರಿದ ಶಿಶುಗಳ ಹಾಲುಪುಡಿಯಿಂದ ಹಾಲುಗೂಸುಗಳನ್ನು ಉಳಿಸುವ ದಾರಿಯನ್ನು ಕಂಡುಕೊಂಡಳು. ತೆಂಗಿನ ನಾಡಿನವರಾದ ನಮಗೆ ಇದನ್ನು ಕೇಳಿ ಸ್ವಲ್ಪ ನಾಚಿಕೆಯೂ ಆಗಬೇಕು.

ಇಂದಿನ ಮೈಸೂರು ದಸರೆಯ ಆನೆಗಳ ಪಡಿಯಲ್ಲಿ ಹಳೆಯ ದರ್ಬಾರೂ ಹೊಸ ತಕ್ಕಡಿಯೂ ಕೂಡಿಕೊಂಡಿವೆ. ಕಾಡಿನ ಶಿಬಿರಗಳಿಂದ ಅರಮನೆಗೆ ಬಂದ ಆನೆಗಳನ್ನು ಮೊದಲು ತೂಗುತ್ತಾರೆ. ಆಮೇಲೆ ಉದ್ದು, ಹೆಸರುಕಾಳು, ಗೋಧಿ, ಕುಸುಬಲಕ್ಕಿಗಳನ್ನು ಬೇಯಿಸಿ, ತರಕಾರಿ ಬೆಣ್ಣೆಗಳನ್ನು ಸೇರಿಸಿದ ಮುದ್ದೆಗಳು. ಭತ್ತ, ಬೆಲ್ಲ, ತೆಂಗಿನಕಾಯಿ, ಕಡಲೆಕಾಯಿಯ ಹಿಂಡಿಗಳನ್ನು ಹುಲ್ಲಿನಲ್ಲಿ ಸುತ್ತಿ ಕಟ್ಟಿದ ಕುಸುರೆ. ಅಬ್ದುರ್ ರಜಾಕನು ಎದ್ದುಬಂದರೆ ಇದನ್ನು ನೋಡಿ ಗುರುತು ಹಿಡಿದಾನು. ಎರಡು ತಿಂಗಳೊಳಗೆ ಇನ್ನೂರು ಮುನ್ನೂ‍ರು ಕಿಲೋ ತೂಕವೇರುವುದುಂಟು. ಸುಮಾರು ೭೫೦ ಕಿಲೋ ತೂಕದ ಅಂಬಾರಿಯನ್ನು ಹೊತ್ತು ಬನ್ನಿಮಂಟಪದವರೆಗೆ ನಡೆಯಬೇಕಾದ ಪ್ರಾಣಿಗೆ ಇದು ಕೆಲಸದ ಕೂಲಿಯೆಂದು ಒಪ್ಪಬಹುದು. ಇದರ ಜತೆಗೆ ಆಲದ ಸೊಪ್ಪು, ಹಸಿಹುಲ್ಲುಗಳ ರಾಶಿಗಳೂ ಬೀಳುತ್ತವೆ. ಹಬ್ಬ ಮುಗಿದೊಡನೆ ಆನೆಗಳು ಶಿಬಿರಗಳಿಗೆ ಹಿಂದಿರುಗಿ, ರಾಗಿಮುದ್ದೆಯನ್ನು ತಿಂದು, ಸರಪಣಿಯನ್ನೆಳೆಯುತ್ತ ಕಾಡಿಗೆ ಮೇಯಲು ಹೋಗುತ್ತವೆ. ವರ್ಷವಿಡೀ ಕುಸುರೆಯೇ ಆಗಿದ್ದಿದ್ದರೆ ನಾವು ಬೇರೆ ಮಾತನ್ನು ಹೇಳಬೇಕಾಗುತ್ತಿತ್ತು.

ಹೀಗೆ ಪ್ರಾಣಿಯನ್ನು ಮೇವಿನ ಬಳಿಗೇ ಬಿಡುವ ಕ್ರಮಕ್ಕೆ ನಮ್ಮ ನಾಡಿನಲ್ಲಿ ಇನ್ನೂ ದೊಡ್ಡ ಉದಾಹರಣೆಯೊಂದಿದೆ. ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ಬೆಣ್ಣೆಚಾವಡಿಯೆಂದಿದ್ದು, ಟೀಪೂ ಸುಲ್ತಾನನಿಂದ ಅಮೃತಮಹಲೆಂಬ ಹೆಸರನ್ನು ಪಡೆದ ದನಗಳ ಇಲಾಖೆಯು ಸಂಸ್ಥಾನದ ಉದ್ದಗಲಕ್ಕೂ ಹುಲ್ಲುಗಾವಲುಗಳನ್ನು ಮೀಸಲಿಟ್ಟುಕೊಂಡಿತ್ತು. ಇವೇ ಕಾವಲುಗಳು. ಬೇಸಗೆಯ ಕಾವಲು, ಮಳೆಗಾಲದ ಕಾವಲು, ಚಳಿಗಾಲದ ಕಾವಲು ಎಂದು ಇವುಗಳಲ್ಲಿ ಮೂರು ಬಗೆ. ಕೆರೆಯ ಅಂಗಳದಲ್ಲಿ ನೀರು ನೆರಳುಗಳಿರುವ ಕಡೆ ಬೇಸಗೆ. ಮಳೆ ಬಿದ್ದು ಹುಲ್ಲು ಚಿಗುರಿದ ಕಡೆಗೆ ಮುಂದಿನ ಪ್ರಯಾಣ. ಸೇವಕರು ಹುಲ್ಲನ್ನು ದನಗಳ ಬಳಿಗೆ ಹೊತ್ತುತರಲಿಲ್ಲ. ದನಗಳನ್ನು ಹುಲ್ಲಿನ ಬಳಿಗೆ ನಡೆಸಿದರು. ಕಾಳು, ತುಪ್ಪಗಳ ಉಪಚಾರವಿಲ್ಲದೆ ಬೆಳೆದ ಈ ಎತ್ತುಗಳೇ ಹೈದರಾಲಿಯ ತೋಪುಗಳನ್ನು ಎಳೆದುವು. ೧೭೯೯ರಲ್ಲಿ ಶ್ರೀರಂಗಪಟ್ಟಣವು ಬಿದ್ದಾಗ ಇಂಗ್ಲಿಷರು ಆಸೆಪಟ್ಟು ವಶಪಡಿಸಿಕೊಂಡ ಆಸ್ತಿಗಳಲ್ಲಿ ಇವೂ ಒಂದು. ಖರ್ಚು ಹೆಚ್ಚಾಯಿತೆಂದು ೧೮೬೦ರಲ್ಲಿ ಹಿಂಡುಗಳನ್ನು ಮಾರಿಬಿಟ್ಟ ಸರ್ಕಾರವೇ, ದಂಡಿಗೆ ಎತ್ತುಗಳು ಸಿಗದೆ, ೧೮೬೬ರಲ್ಲಿ ಅವನ್ನು ಮತ್ತೆ ಕೂಡಿಸಬೇಕಾಯಿತು. ಲೆಕ್ಕಿಗನ ಉಳಿತಾಯವು ಆರು ವರ್ಷಕ್ಕೆ ಮುಗಿಯಿತು. ಈಚಿನ ದಶಕಗಳಲ್ಲಿ ಕಾವಲುಗಳು ಬಹಳವಾಗಿ ಕುಗ್ಗಿವೆ. ಚಳ್ಳಕೆರೆಯ ಕಡೆ ವಿಸ್ತಾರವಾದ ಭಾಗಗಳು ವಿಜ್ಞಾನ ಮತ್ತು ರಕ್ಷಣಾ ಸಂಸ್ಥೆಗಳ ಪಾಲಾದುವು. ತಳಿಯನ್ನು ಉಳಿಸುವ ಪ್ರಯತ್ನವು ಅಜ್ಜಂಪುರದಲ್ಲಿ ನಡೆಯುತ್ತಲಿದೆ. ಕಾವಲಿಲ್ಲದೆ ಅಮೃತಮಹಲನ್ನು ಉಳಿಸುವುದೆಂದರೆ ಮನೆಯನ್ನು ಮಾರಿ ಬೀಗದಕೈಯನ್ನು ಜೋಪಾನಮಾಡಿದಂತೆ.

ಇನ್ನು ಮಾಂಸಾಹಾರಿಗಳು. ಮೈಸೂರಿನ ಮೃಗಾಲಯವು ಹತ್ತನೆಯ ಚಾಮರಾಜೇಂದ್ರ ಒಡೆಯರಿಂದ ೧೮೯೨ರಲ್ಲಿ ಸ್ಥಾಪಿತವಾಯಿತು. ೧೯೦೯ರಲ್ಲಿ ಅವರ ಹೆಸರನ್ನೇ ಪಡೆಯಿತು. ಅದಕ್ಕೆ ಮೂರು ವರ್ಷ ಮೊದಲು, ೧೮೮೯ರಲ್ಲಿ, ಲಂಡನ್ನಿನ ಮೃಗಾಲಯದಲ್ಲಿ ಸಿಂಹದ ಮರಿಗಳು ಕಾಲು ಸೊಟ್ಟಗಾಗಿ ಸಾಯುತ್ತಿದ್ದುವು. ಅವುಗಳಿಗೆ ದೊರೆಯುತ್ತಿದ್ದುದು ಕೊಬ್ಬಿಲ್ಲದ, ಶುಭ್ರವಾದ ಕುದುರೆಯ ಮಾಂಸ. ಜಾನ್ ಬ್ಲ್ಯಾಂಡ್ ಸಟ್ಟನ್ ಎಂಬ ವೈದ್ಯನು ಪುಡಿಮಾಡಿದ ಎಲುಬು, ಹಾಲು, ಮೀನೆಣ್ಣೆಗಳನ್ನು ಕೊಡಿಸಿದನು; ಮರಿಗಳು ಚೇತರಿಸಿಕೊಂಡುವು. ಜೀವಸತ್ವವೆಂಬ ಹೆಸರೇ ಇನ್ನೂ ಹುಟ್ಟಿರದ ಕಾಲವದು. ಕಾಡಿನ ಸಿಂಹವು ಬೇಟೆಯ ತೊಡೆಯನ್ನು ಮಾತ್ರ ಕೊಯ್ದು ತಿನ್ನುವುದಿಲ್ಲ. ಕರುಳು, ಪಿತ್ತಕೋಶ, ಎಲುಬು, ಚರ್ಮಗಳನ್ನೂ ಸೇರಿಸಿ ತಿನ್ನುತ್ತದೆ. ಬರಿಯ ಮಾಂಸಖಂಡದಲ್ಲಿ ಸುಣ್ಣದ ಅಂಶವು ಇಲ್ಲವೆಂಬಷ್ಟು ಕಡಮೆ. ಕಟುಕನ ಅಂಗಡಿಯಲ್ಲಿ ನಾವು ಹೆಚ್ಚು ಬೆಲೆ ಕೊಟ್ಟು ಕೊಳ್ಳುವ ಭಾಗವೇ ಸಿಂಹದ ಮರಿಗೆ ಉಪವಾಸವಾಯಿತು. ಈಗ ನಮ್ಮ ಮೃಗಾಲಯಗಳಲ್ಲಿ ಎಲುಬಿನೊಡನೆ ಮಾಂಸವನ್ನು ಕೊಡುತ್ತಾರೆ. ಹುಲಿಸಿಂಹಗಳಿಗೆ ವಾರಕ್ಕೊಂದು ದಿನ ಊಟವಿಲ್ಲ. ಆ ದಿನ ಬಂದ ಪ್ರೇಕ್ಷಕರು ಅಯ್ಯೋ ಎನ್ನುವುದುಂಟು. ಕಾಡಿನಲ್ಲಿ ಒಂದು ಬೇಟೆಗೂ ಇನ್ನೊಂದಕ್ಕೂ ನಡುವೆ ಹಲವು ದಿನಗಳು ಕಳೆಯುವ ಪ್ರಾಣಿಗೆ ದಿನವೂ ಹೊತ್ತಿಗೆ ಸರಿಯಾದ ಊಟವೇ ಅಸ್ವಾಭಾವಿಕವೆಂಬುದು ಅವರಿಗೆ ಹೊಳೆಯುವುದಿಲ್ಲ.

ಪ್ರೇಕ್ಷಕರ ಕರುಣೆಗೆ ಕಾನೂನೇ ಕಡಿವಾಣ ಹಾಕಬೇಕಾಯಿತು. ವನ್ಯಜೀವಿ ಸಂರಕ್ಷಣಾ ಶಾಸನಕ್ಕೆ ೧೯೯೧ರಲ್ಲಿ ಆದ ತಿದ್ದುಪಡಿಯು, ಮೃಗಾಲಯದ ಪ್ರಾಣಿಗಳನ್ನು ಕೆಣಕುವುದನ್ನೂ ಗಾಯಗೊಳಿಸುವುದನ್ನೂ ನಿಷೇಧಿಸುವ ಕಲಮಿನಲ್ಲಿಯೇ, ಅವುಗಳಿಗೆ ತಿನ್ನಲು ಹಾಕುವುದನ್ನೂ ಸೇರಿಸಿತು. ಕೆಣಕುವುದೂ ಉಣಿಸುವುದೂ ಒಂದೇ ಸಾಲಿನ ಅಪರಾಧಗಳು! ಶಾಸನದ ಕರಡನ್ನು ಬರೆದವರು ಲಾಯಗಳ ಚರಿತ್ರೆಯನ್ನು ಬಲ್ಲವರಾಗಿದ್ದರೋ ಏನೋ.

ಆದರೆ ಬೀದಿಯ ಹಸುವಿಗೂ ಹಟ್ಟಿಯ ಎತ್ತಿಗೂ ಅಂಥ ಕಲಮು ಇಲ್ಲ. ಗೃಹಪ್ರವೇಶದ ಮರುದಿನ ಮಿಕ್ಕ ಅನ್ನ, ಪಾಯಸ, ಹೋಳಿಗೆಗಳನ್ನು ಹಸುವಿನ ಮುಂದೆ ಸುರಿಯುವುದು ಪುಣ್ಯಕಾರ್ಯವೆಂದು ಪಟ್ಟಣದ ವಿದ್ಯಾವಂತರೂ ನಂಬಿದ್ದಾರೆ. ಅದನ್ನು ಪ್ಲಾಸ್ಟಿಕ್ ಚೀಲದ ಸಮೇತ ಎಸೆಯುವವರ ಮಾತನ್ನು ನಾವು ಆಡುವುದೇ ಬೇಡ. ಗುಂಡಗುರ್ತಿಯ ಸೀಮೆಯಲ್ಲಿ, ಬಡಗಣ ಕರ್ನಾಟಕದ ಇತರ ಕಡೆಗಳಲ್ಲಿರುವಂತೆ, ಕಾರಹುಣ್ಣಿಮೆಯು ಎತ್ತುಗಳ ಹಬ್ಬ. ಅಂದು ಎತ್ತುಗಳ ಮೈತೊಳೆದು, ಕೋಡಿಗೆ ಬಣ್ಣ ಬಳಿದು, ಸಂಜೆಗೆ ಕರಿ ಹರಿಯುತ್ತಾರೆ. ಎಣ್ಣೆ, ಮೊಟ್ಟೆ, ಅರಿಸಿನಗಳನ್ನು ಕಲಸಿ ಬಿದಿರಿನ ಗೊಟ್ಟದಿಂದ ಗಂಟಲಿಗೆ ಹೊಯ್ಯುವುದೂ, ಹೋಳಿಗೆ ತಿನ್ನಿಸುವುದೂ ಉಂಟು. ವರ್ಷವಿಡೀ ದುಡಿದ ಜೊತೆಗಾರನಿಗೆ ಮನೆಯವರು ತೋರಿಸುವ ಪ್ರೀತಿಯಿದು. ಒಂದು ತುತ್ತು ಹೋಳಿಗೆಯಿಂದ ಯಾವ ಎತ್ತೂ ಸತ್ತಿಲ್ಲ. ಗೊಟ್ಟವನ್ನು ಹಿಡಿಯುವ ಕೈ ಮಾತ್ರ ಅನುಭವದ ಕೈಯಾಗಿರಬೇಕು. ತಲೆಯನ್ನು ಅತಿಯಾಗಿ ಎತ್ತಿಹಿಡಿದು ಹೊಯ್ದರೆ ಎಣ್ಣೆಯು ಶ್ವಾಸಕೋಶಕ್ಕಿಳಿದು ಉರಿಯೂತವಾಗುತ್ತದೆ. ದಿನನಿತ್ಯದ ಮೇವಿನಲ್ಲಿ ಅದೇ ರೈತನು ತಪ್ಪುವುದು ಅಪರೂಪ. ಜೋಳದ ಕಣಿಕೆ, ತೊಗರಿಯ ಹೊಟ್ಟು ಎತ್ತಿನ ಹೊಟ್ಟೆಗೆ ಒಪ್ಪುವ ಮೇವುಗಳು. ಮಳೆ ತಪ್ಪಿ ಬಾಡಿದ ಎಳೆಯ ಜೋಳದಲ್ಲಿ ಘೋರವಾದ ವಿಷ ಸೇರಿರುತ್ತದೆ. ರಸಾಯನಶಾಸ್ತ್ರವು ಅದನ್ನು ಸಯನೈಡ್ ಎಂದು ಹೆಸರಿಸಿದೆ. ಹೆಸರು ತಿಳಿಯದ ರೈತನು ಅಂಥ ಹೊಲದ ಕಡೆಗೆ ದನಗಳನ್ನು ಸುಳಿಯಗೊಡುವುದಿಲ್ಲ.

ಅಪಾಯವಿರುವುದು ಬುಟ್ಟಿಗಟ್ಟಲೆ ಅನ್ನದಲ್ಲಿ, ಹಗ್ಗ ಕಿತ್ತುಕೊಂಡು ಹೋಗಿ ಕಾಳಿನ ಚೀಲಕ್ಕೆ ಬಾಯಿಹಾಕುವುದರಲ್ಲಿ. ಹಸುವಿನ ನಾಲ್ಕು ಹೊಟ್ಟೆಗಳಲ್ಲಿ ಮೊದಲನೆಯದು ನೂರು ಲೀಟರಿಗೂ ಮಿಕ್ಕು ಹಿಡಿಯುವ ದೊಡ್ಡ ಗಡಿಗೆ. ಅದರಲ್ಲಿರುವ ಸೂಕ್ಷ್ಮಜೀವಿಗಳು ಹುಲ್ಲನ್ನು ನಿಧಾನವಾಗಿ ಒಡೆದು ಹಸುವಿಗೆ ಉಣಿಸುತ್ತವೆ. ಹಸುವಿಗೆ ಮೇವು ಹಾಕುತ್ತೇವೆಂದು ನಾವು ತಿಳಿದಿದ್ದೇವೆ. ವಾಸ್ತವವಾಗಿ ನಾವು ಉಣಿಸುವುದು ಈ ಜೀವಿಗಳಿಗೆ. ಅನ್ನವೋ ಹಿಟ್ಟೋ ಒಮ್ಮೆಗೇ ಬಂದು ಬಿದ್ದರೆ ಪಿಷ್ಟವನ್ನು ತಿಂದು ಹುಳಿಯನ್ನು ಕಾರುವ ಒಂದು ಪಂಗಡವು ಕೆಲವೇ ಗಂಟೆಗಳಲ್ಲಿ ಬೆಳೆದು, ನಾರನ್ನು ಒಡೆಯುವ ಜೀವಿಗಳನ್ನು ಕೊಂದುಹಾಕುತ್ತದೆ. ಮೆಲುಕು ನಿಲ್ಲುತ್ತದೆ, ಹೊಟ್ಟೆಯಲ್ಲಿ ನೀರು ತುಂಬಿ ಮೈ ಒಣಗುತ್ತದೆ, ಹಸು ನಡೆಯುವಾಗ ಅಮಲೇರಿದಂತೆ ತೂರಾಡಿ ಕುಸಿದು ಮಲಗುತ್ತದೆ. ಒಂದೆರಡು ದಿನಗಳಲ್ಲಿ ಸಾಯುವುದೂ ಉಂಟು. ಬೇಗನೆ ಕಂಡರೆ ಪಶುವೈದ್ಯರು ಅಡಿಗೆಸೋಡವನ್ನು ಕುಡಿಸಿ ಹುಳಿಯನ್ನು ಮುರಿಯುತ್ತಾರೆ, ರಕ್ತನಾಳಕ್ಕೆ ದ್ರವವನ್ನು ಹರಿಸುತ್ತಾರೆ. ರೋಗವು ಬಲಿತಿದ್ದರೆ ಎಡಪಕ್ಕೆಯನ್ನು ಸೀಳಿ, ಆ ದೊಡ್ಡ ಹೊಟ್ಟೆಯೊಳಕ್ಕೆ ತೋಳನ್ನು ಇಳಿಸಿ, ಹುಳಿತ ಅನ್ನವನ್ನೆಲ್ಲ ಬಾಚಿ ಹೊರಗೆ ಹಾಕುತ್ತಾರೆ. ಅನಂತರ ಆರೋಗ್ಯವಾಗಿರುವ ಇನ್ನೊಂದು ದನದ ಹೊಟ್ಟೆಯಿಂದ ಕೆಲವು ಲೀಟರು ರಸವನ್ನು ತೆಗೆದು ತಂದು ಒಳಕ್ಕೆ ಸುರಿದು ಹೊಲಿಯುತ್ತಾರೆ. ಆ ರಸದೊಡನೆ ಬಂದ ಜೀವಿಗಳು ನೆಲೆಗೊಂಡ ಮೇಲೆ, ಒಂದು ಹಿಡಿ ಒಣಹುಲ್ಲನ್ನು ಮುಂದಿಟ್ಟು, ಹಸು ಮತ್ತೆ ಮೆಲುಕುಹಾಕುವುದೇ ಎಂದು ಕಾದುನೋಡುತ್ತಾರೆ.